ಓಟದ ಪಡಿ ಅಕ್ಕಿ

ನಮ್ಮ ದಂಡಿಗನಹಳ್ಳಿ ಕಡೆ ರಸ್ತೆ ಮೇಲೆ ಯಾರಾದರೂ ಓಡುತ್ತಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಬಸ್ಸು ಹೊರಟಿರುತ್ತದೆ, ಹಸು ಹಗ್ಗ ಕಿತ್ತುಕೊಂಡಿರುತ್ತದೆ, ಇಲ್ಲವೇ ಯಾರ ಮನೆಯಲ್ಲೋ ಏನೋ ಆಗಿರುತ್ತದೆ. ಅದಕ್ಕೇ ನನ್ನ ಮೊಮ್ಮಗಳು ರಜೆಗೆ ಬಂದು, ಬೆಳಿಗ್ಗೆ ಬೂಟು ಕಟ್ಟಿಕೊಂಡು ಚನ್ನರಾಯಪಟ್ಟಣದ ರಸ್ತೆಯಲ್ಲಿ ಓಡತೊಡಗಿದಾಗ ಹೋಗುವ ಬೈಕುಗಳೆಲ್ಲ ನಿಂತವು.

"ಏನಾಯ್ತವ್ವ? ಅತ್ಕೋ, ಬಿಟ್ಬುಡ್ತೀನಿ."

"ಏನೂ ಆಗಿಲ್ಲಣ್ಣ, ಸುಮ್ನೆ ಓಡ್ತಿದೀನಿ."

"ಸುಮ್ನೆ ಯಾರಾದ್ರೂ ಓಡ್ತಾರೇನವ್ವ? ಮನೇಲೆಲ್ಲ ಚೆನ್ನಾಗವ್ರಾ?"

ಒಬ್ಬರಂತೂ ನಂಬದೆ ಗಾಡಿ ತಿರುಗಿಸಿಕೊಂಡು ನಮ್ಮ ಮನೆಗೇ ಬಂದು, ನಾನು ಜಗಲಿ ಮೇಲೆ ಕೂತಿರುವುದನ್ನು ಕಣ್ಣಾರೆ ನೋಡಿ, ಸಮಾಧಾನ ಮಾಡಿಕೊಂಡು ಹೋದರು.

ಮೊಮ್ಮಗಳು ಹೊಳೆನರಸೀಪುರದಲ್ಲಿ ಮೇಷ್ಟ್ರ ಕೆಲಸ ಮಾಡುತ್ತಾಳೆ. ನಾನು ಅಕ್ಷರ ಕಲಿಯುವಷ್ಟರಲ್ಲೇ ಶಾಲೆ ಬಿಟ್ಟು ಎತ್ತು ಹಿಡಿದವನು. ಗೊತ್ತಿಲ್ಲದ್ದನ್ನು ಕೇಳಲು ನನಗೆ ಯಾವತ್ತೂ ನಾಚಿಕೆಯಿಲ್ಲ. ಅವಳು ಬೆವರು ಒರೆಸಿಕೊಳ್ಳುತ್ತ ಬಂದು ಕೂತಾಗ ಕೇಳಿದೆ. ಹಾಸನದಲ್ಲಿ ಕಿವಿ ಕೇಳದ ಮಕ್ಕಳಿಗೊಂದು ಶಾಲೆ ಇದೆಯಂತೆ. ಆ ಮಕ್ಕಳ ಕಿವಿಗೆ ಮೆಷಿನ್ನು ಕೊಡಿಸಲು ದುಡ್ಡು ಬೇಕಂತೆ. ಅದಕ್ಕೆ ಇವಳು ಇಪ್ಪತ್ತೊಂದು ಕಿಲೋಮೀಟರು ಓಡುವುದಂತೆ.

"ಗೆದ್ದೋರ್ಗೆ ದುಡ್ಡು ಕೊಡ್ತಾರಾ?"

"ನಾನೆಲ್ಲಿ ಗೆಲ್ತೀನಿ ತಾತ? ಮುಗ್ಸಿದ್ರೆ ಸಾಕು. ನಾನು ಓಡ್ತೀನಿ ಅಂತ ಗೊತ್ತಿರೋರಿಗೆಲ್ಲ ಹೇಳ್ತೀನಿ, ಅವ್ರು ಮಕ್ಕಳಿಗೆ ಅಂತ ಕೊಡ್ತಾರೆ."

"ಎಲ್ಲಿಗೆ ಓಡೋದು?"

"ಶಾಲೆ ಮೈದಾನದಿಂದ ಮೊಸಳೆ ಊರಿನ ಕಡೆಗೆ ಓಗಿ, ವಾಪಸ್ ಮೈದಾನಕ್ಕೆ."

ನನಗೆ ಇದು ಬಿಡಿಸಲಾಗದ ಗಂಟಾಯಿತು. ಹೊರಟ ಜಾಗಕ್ಕೇ ಬಂದು ನಿಲ್ಲುವುದಾದರೆ ಹೋದದ್ದೇಕೆ? ಇವಳ ಕಾಲು ನೋಯುವುದಕ್ಕೂ ಇನ್ಯಾರದೋ ಮಗುವಿನ ಕಿವಿಗೂ ನಡುವೆ ಹಗ್ಗ ಕಟ್ಟಿದವರು ಯಾರು? ಕೊಡುವ ಮನಸ್ಸಿದ್ದವರು ಇವಳನ್ನು ಓಡಿಸದೆಯೇ ಕೊಡಬಹುದಲ್ಲ? ಅವಳ ಬೂಟನ್ನು ಕೈಯಲ್ಲಿ ಎತ್ತಿ ನೋಡಿದೆ. ಒಣಗಿದ ಸೋರೆಬುರುಡೆಯಷ್ಟು ಹಗುರ. ಅದರೊಳಗೂ ಉತ್ತರ ಇರಲಿಲ್ಲ.

ಹೊರಡುವಾಗ ಅವಳು, "ತಾತ, ನೀನೂ ಊರಲ್ಲಿ ನಾಕು ಮನೇಲಿ ಕೇಳು," ಅಂದಳು. ಆಗ ಶ್ರಾವಣ ನಡೆಯುತ್ತಿತ್ತು. ಕೇಳುವುದು ಅಂದರೆ ನನಗೆ ಗೊತ್ತಿರುವುದು ಒಂದೇ ಥರ. ಶ್ರಾವಣದ ಶನಿವಾರ ನಮ್ಮ ಮನೆತನದವರು ಹಣೆಗೆ ನಾಮ ಇಟ್ಟು, ತಾಮ್ರದ ಚೊಂಬು ಹಿಡಿದು, ಗೋವಿಂದ ಅನ್ನುತ್ತ ಮನೆ ಮನೆಗೆ ಹೋಗಿ ಪಡಿ ಬೇಡುತ್ತೇವೆ. ಮನೆಯಲ್ಲಿ ಎಷ್ಟಿದ್ದರೂ ಅವತ್ತು ಬೇಡಲೇಬೇಕು. ಬಂದ ಅಕ್ಕಿಯನ್ನು ಮಾರುವಂತಿಲ್ಲ, ಬೇಯಿಸಿ ಹಂಚಬೇಕು. ಹರಕೆ ಹೊತ್ತು ಬೇಡಿದ್ದಾದರೆ, ಹರಕೆ ತೀರುವ ತನಕ ಒಲೆ ಮೇಲೆ ಇಡುವಂತಿಲ್ಲ. ತೀರದೇ ಹೋದರೆ ಆ ಅಕ್ಕಿ ಹೊಳೆಗೆ. ನಮ್ಮಪ್ಪ ನಡೆಸಿಕೊಂಡು ಬಂದದ್ದು ಹಾಗೆ.

ಮೊಮ್ಮಗಳ ಓಟವೂ ಹರಕೆಯೇ ಅಂದುಕೊಂಡು ಚೊಂಬು ಎತ್ತಿಕೊಂಡೆ.

"ಓಡೋಳು ಅವ್ಳು, ಬೇಡೋನು ನೀನು, ಕೊಡೋರು ನಾವು! ಚೆನ್ನಾಗೈತೆ ಕಣಣ್ಣ ನಿಮ್ಮನೆ ಯವಾರ," ಎಂದು ಒಂದು ಬಾಗಿಲಲ್ಲಿ ನಗು. ಇನ್ನೊಂದು ಬಾಗಿಲಲ್ಲಿ, "ಹೆಣ್ಣುಡ್ಗಿ ಅಷ್ಟ್ ದೂರ ಓಡಾದಾ? ಇಡಿ ಚೊಂಬು," ಎಂದು ಸೇರು ತುಂಬ ಸುರಿದರು. ಮೂಲೆಮನೆ ಅಜ್ಜಿ ಮಾತ್ರ ಮುಷ್ಟಿಯಲ್ಲಿ ಅಕ್ಕಿ ಹಿಡಿದು, ಚೊಂಬಿನ ಮೇಲೆ ಕೈ ತಂದು, ಬಿಡದೆ ನಿಂತಳು. ನನಗಿಂತ ಹಿರಿಯಳು. ನನ್ನನ್ನು ಇವತ್ತಿಗೂ ಹುಡುಗನ ಹಾಗೆ ಬೈಯುತ್ತಾಳೆ.

"ಮುಗುಸ್ತಾಳೇನ್ಲಾ?"

"ಮುಗುಸ್ತಾಳೆ ಕಣಕ್ಕ."

"ಮುಗುಸ್ದಿದ್ರೆ ನನ್ನಕ್ಕಿ ಒಳೆಗಿಳೆಗೆ ಉಯ್ಬ್ಯಾಡ. ಅವ್ಳೇ ತಂದು ನನ್ ಕೈಗೆ ವಾಪಸ್ ಕೊಡ್ಬೇಕು. ಹಳೇ ಅಕ್ಕಿ ಕಣ್ಲಾ ಇದು."

ಅಷ್ಟು ಹೇಳಿ ಕೈ ಬಿಟ್ಟಳು. ಬಿದ್ದದ್ದು ಒಂದೇ ಹಿಡಿ.

ಮಲ್ಲಿಪಟ್ಟಣದಲ್ಲಿರುವ ನನ್ನ ತಂಗಿಗೆ ಫೋನಿನಲ್ಲಿ ಹೇಳಿದ್ದೇ ತಡ, ಅವಳೂ ಅಲ್ಲಿ ಚೊಂಬು ಹಿಡಿದು ಹೊರಟೇಬಿಟ್ಟಳು. ಅವಳ ಅಕ್ಕಿ ಅರಕಲಗೂಡಿನ ಬಸ್ಸು ಹತ್ತಿ ಹಾಸನಕ್ಕೆ ಬಂತು. ಓಟದ ಹಿಂದಿನ ದಿನ ನಾನು, ನನ್ನ ಹೆಂಡತಿ ನಮ್ಮ ಮೂಟೆಯನ್ನೂ ತೆಗೆದುಕೊಂಡು ಆ ಶಾಲೆಯ ಮುಂದೆ ಇಳಿದೆವು.

ಮೊಮ್ಮಗಳು ಮೂಟೆ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ತಾತ! ಕೇಳು ಅಂದ್ರೆ ದುಡ್ಡು ಕೇಳು ಅಂತ. ಅಕ್ಕಿ ತಂದಿದೀಯಲ್ಲ!"

ಪಡಿ ಬೇಡಿದ್ದನ್ನೂ ಅದರ ಕಟ್ಟುಪಾಡನ್ನೂ ಮೂಲೆಮನೆ ಅಜ್ಜಿಯ ಮಾತನ್ನೂ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಮೂಟೆ ಪಕ್ಕದಲ್ಲೇ ಕೂತಳು. ಆಗ ನೋಡಿದೆ, ಅವಳ ಬಲಗಾಲಿಗೆ ಪಟ್ಟಿ ಸುತ್ತಿತ್ತು. ವಾರದ ಹಿಂದೆ ನೀರಿನ ಚಾನಲ್ ಏರಿ ಮೇಲೆ ಓಡುವಾಗ ಕಾಲು ಉಳುಕಿತ್ತಂತೆ. ನಮಗೆ ಹೇಳಿರಲಿಲ್ಲ.

"ಆಗುತ್ತೇನವ್ವ?"

"ನೋಡಾಣ ತಾತ. ಮುಗ್ಸಿದ್ರೆ ನಾಳೆ ಮಧ್ಯಾಹ್ನ ಈ ಅಕ್ಕಿಲೇ ಮಕ್ಕಳಿಗೆ ಊಟ."

ನಾನು ಮೂಟೆಗಳನ್ನು ಅಡಿಗೆಮನೆಗೆ ಸಾಗಿಸಿ, ಬಾಯಿ ಬಿಚ್ಚದೆ ಮೂಲೆಗೆ ಒರಗಿಸಿದೆ.

ಮಾರನೇ ಬೆಳಿಗ್ಗೆ ಆ ಮೈದಾನ ನೋಡಬೇಕಿತ್ತು! ನನಗೆ ಎತ್ತ ನೋಡಿದರೂ ಸಾಲದು. ಬೋಳುತಲೆಯವರು, ಹೊಟ್ಟೆ ಬಂದವರು, ಕಾಲೇಜು ಹುಡುಗಿಯರು, ಎದೆ ಮೇಲೆ ನಂಬರು ಚೀಟಿ ಪಿನ್ನು ಮಾಡಿಕೊಂಡು ಕುಣಿಯುತ್ತಿದ್ದರು. ನನ್ನಷ್ಟೇ ವಯಸ್ಸಿನವರೊಬ್ಬರು ಚಡ್ಡಿ ಹಾಕಿ ನಿಂತಿದ್ದರು. ಹೋಗಿ ಕೇಳಿಯೇಬಿಟ್ಟೆ: "ಸ್ವಾಮಿ, ಓಡುವಾಗ ಏನು ಯೋಚನೆ ಮಾಡ್ತೀರಿ?" ಅವರು ನಕ್ಕರು. "ಯಾವಾಗ ಮುಗೀತದಪ್ಪಾ ಅಂತ." ಇಂಥ ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಹಾಗಾದರೆ ಮತ್ತೆ ಮತ್ತೆ ಯಾಕೆ ಬರುತ್ತಾರೋ!

ಸೀಟಿ ಕೂಗಿತು, ಎಲ್ಲ ಹೋದರು. ನಾವು ಅಡಿಗೆಮನೆ ಮುಂದೆ ಕೂತೆವು. ಅಲ್ಲಿಂದ ಗೇಟೂ ಕಾಣುತ್ತದೆ, ಓಟ ಮುಗಿಯುವ ಕಡೆ ಕಟ್ಟಿದ ರಿಬ್ಬನ್ನೂ ಕಾಣುತ್ತದೆ. ಶಾಲೆಯ ಮಕ್ಕಳು ಬಂದು ಸುತ್ತ ನಿಂತರು. ಒಂದು ಪುಟ್ಟ ಹುಡುಗಿಯ ಕಿವಿ ಹಿಂದೆ ಹುರುಳಿಕಾಯಿಯ ಹಾಗೆ ಬಾಗಿದ ಮೆಷಿನ್ನು ಇತ್ತು. ನಾನು ಬಗ್ಗಿ ನೋಡುತ್ತಿದ್ದರೆ ಅದು ನಾಚದೆ ಕೂದಲು ಸರಿಸಿ ಚೆನ್ನಾಗಿ ತೋರಿಸಿತು. ಆಮೇಲೆ ನನ್ನ ಕಿವಿಯನ್ನು ಹಿಡಿದು ತಿರುಗಿಸಿ, ಹಿಂದೆ ಏನೂ ಇಲ್ಲದ್ದು ನೋಡಿ ಅಚ್ಚರಿಪಟ್ಟಿತು. ಇಬ್ಬರಿಗೂ ಒಬ್ಬರ ಕಿವಿ ಒಬ್ಬರಿಗೆ ಸೋಜಿಗ.

ಓಡಿದವರು ಒಬ್ಬೊಬ್ಬರಾಗಿ ಬರತೊಡಗಿದರು. ಬಿಸಿಲು ಏರಿತು. ಚಡ್ಡಿ ಹಾಕಿದ್ದ ಹಿರಿಯರೂ ಬಂದರು. ನಮ್ಮವಳಿಲ್ಲ. ದೊಡ್ಡ ಕೊಳದಪ್ಪಲೆಯಲ್ಲಿ ಎಸರು ಕುದಿಯುತ್ತಿತ್ತು. ಅಡಿಗೆ ಮಾಡುವಾಕೆ ಸೌಟು ಹಿಡಿದು ಬಂದಳು.

"ತಾತ, ಅಕ್ಕಿ ಉಯ್ಲಾ?"

"ತಡೀರವ್ವ, ಅವ್ಳು ಬರ್ಲಿ."

"ಮಕ್ಳು ಹಸ್ಕಂಡವ್ರೆ. ಒಂದ್ಗಳಿಗೆ ನೋಡ್ತೀನಿ, ಆಮೇಲೆ ನಮ್ ಸ್ಟೋರಿನಕ್ಕಿ ಉಯ್ದ್ಬುಡ್ತೀನಿ. ಬೇಜಾರ್ ಮಾಡ್ಕಬ್ಯಾಡಿ."

ಆಕೆ ಹೇಳಿದ್ದು ನ್ಯಾಯವೇ. ಬಂದವನೊಬ್ಬನನ್ನು ತಡೆದು ಮೊಮ್ಮಗಳ ಗುರುತು ಹೇಳಿ ಕೇಳಿದೆ. "ಕಾಲಿಗೆ ಪಟ್ಟಿ ಕಟ್ಟಿದ್ರಲ್ಲ, ಅವರಾ? ವಾಪಸ್ ಬರೋ ದಾರೀಲಿ ಮೋರಿ ಮೇಲೆ ಕೂತಿದ್ರು ತಾತ," ಅಂದ.

ನನ್ನ ಹೆಂಡತಿ ಎದ್ದು ಸೆರಗು ಸಿಕ್ಕಿಸಿದಳು. "ಆಟೋ ಮಾಡ್ಕಂಡ್ ಓಗಿ ಕರ್ಕಂಬನ್ನಿ."

"ಆಟೋದಲ್ಲಿ ಬಂದ್ರೆ ಮುಗ್ಸಿದಂಗಾಯ್ತದಾ?"

"ನಿಮ್ಗೆ ಅಕ್ಕಿ ಚಿಂತೆ! ಅಕ್ಕಿ ಒಳೆಗೋದ್ರೆ ಮುಂದಿನ ಶ್ರಾವಣಕ್ಕೆ ಇನ್ನೊಂದ್ ಚೊಂಬು ಬತ್ತದೆ. ಮಗೀನ ಕಾಲು ಓದ್ರೆ ಯಾರ ಮನೇಲಿ ಬೇಡ್ತೀರಿ?"

ಅಡಿಗೆಯಾಕೆಗೆ "ನಿಮ್ಮಕ್ಕೀನೇ ಉಯ್ರವ್ವ" ಎಂದು ಹೇಳಿ, ಚಪ್ಪಲಿ ಮೆಟ್ಟಿ ಗೇಟಿನ ಕಡೆ ಹೊರಟೆ. ಆಟೋ ಹುಡುಕುವವನಿದ್ದೆ.

ಅಷ್ಟರಲ್ಲಿ ಹಿಂದಿನಿಂದ ಅಂಗಿ ಜಗ್ಗಿದಂತಾಯಿತು. ಆ ಪುಟ್ಟ ಹುಡುಗಿ ರಸ್ತೆ ಕಡೆ ಬೆರಳು ತೋರಿಸುತ್ತಿದ್ದಳು. ತಿರುವಿನಲ್ಲಿ ಒಂದು ಆಕಾರ. ಓಡುತ್ತಿರಲಿಲ್ಲ. ಒಂದು ಕಾಲು ಊರಿ, ಇನ್ನೊಂದನ್ನು ಎಳೆದು ಹಾಕುತ್ತ ನಡೆಯುತ್ತಿತ್ತು. ಗೇಟಿಗೆ ಬಂದದ್ದೇ ಅವಳು ನಮ್ಮನ್ನು ನೋಡಿದಳು. ಆಮೇಲೆ ಅದೇನು ಬಂತೋ ಮೈಗೆ, ಓಡಿದಳು! ಕುಂಟುತ್ತಲೇ ಓಡಿದಳು!

ನಾನು ಗಟ್ಟಿಯಾಗಿ ಚಪ್ಪಾಳೆ ಹೊಡೆದೆ. ಮಕ್ಕಳು ಯಾರೂ ಹೊಡೆಯಲಿಲ್ಲ. ಯಾಕಪ್ಪ ಅಂತ ನೋಡಿದರೆ ಅಷ್ಟೂ ಮಕ್ಕಳು ಎರಡೂ ಕೈ ಮೇಲೆತ್ತಿ ಬೆರಳು ಬಿಡಿಸಿ, ಗಾಳಿಗೆ ಅರಳಿಮರದ ಎಲೆ ಅಲ್ಲಾಡಿದಂತೆ ಅಲ್ಲಾಡಿಸುತ್ತಿದ್ದಾರೆ. ಅದೇ ಅವರ ಚಪ್ಪಾಳೆಯಂತೆ. ನಾನೂ ಎರಡೂ ಕೈ ಎತ್ತಿದೆ. ಇಳಿಸಲು ಮನಸ್ಸೇ ಬರಲಿಲ್ಲ. ಕಣ್ಣು ಒರೆಸಿಕೊಳ್ಳಲಾದರೂ ಇಳಿಸಬೇಕಿತ್ತು. ಹಾಗೇ ಬಿಟ್ಟೆ.

ಕೊರಳಿಗೆ ಪದಕ ಹಾಕಲು ಬಂದವರನ್ನು ದಾಟಿ ಅವಳು ಸೀದಾ ಅಡಿಗೆಮನೆಗೆ ಕುಂಟಿದಳು. "ಅಕ್ಕಿ ಉಯ್ದ್ಬುಟ್ರಾ?"

ಅಡಿಗೆಯಾಕೆ ಸ್ಟೋರಿನ ಅಕ್ಕಿ ಡಬ್ಬ ತಬ್ಬಿಕೊಂಡು ನಿಂತಿದ್ದಳು. "ನಿಮ್ ತಾತ ಉಯ್ಯಿ ಅಂದ್ರು. ನನ್ ಕೈಯೇ ಓಗ್ಲಿಲ್ಲ ಕಣಮ್ಮಿ," ಅಂದಳು.

ಮೊಮ್ಮಗಳು ಪಡಿ ಅಕ್ಕಿಯ ಮೊದಲ ಹಿಡಿ ಎಸರಿಗೆ ಹಾಕಿದಳು. ಅವತ್ತಿನ ಅನ್ನ ಸಮನಾಗಿ ಬೇಯಲಿಲ್ಲ. ಹೇಗೆ ಬೇಯುತ್ತದೆ? ದಪ್ಪ ಅಕ್ಕಿ, ಸಣ್ಣಕ್ಕಿ, ಕೆಂಪಕ್ಕಿ, ರೇಷನ್ ಅಕ್ಕಿ, ಎಲ್ಲ ಮನೆಯದೂ ಒಂದೇ ಕೊಳದಪ್ಪಲೆಯಲ್ಲಿ. ಒಂದು ತುತ್ತು ಮುದ್ದೆ, ಒಂದು ತುತ್ತು ಗಟ್ಟಿ. ಹೆಸರುಕಾಳು ಸಾರಿನಲ್ಲಿ ಕಲೆಸಿಕೊಂಡು ಮಕ್ಕಳು ಎರಡೆರಡು ಸಲ ಬಡಿಸಿಕೊಂಡರು.

ಎಲೆ ಮುಂದೆ ಕೂತಾಗ ಕೇಳಿದೆ. "ಮೋರಿ ಮೇಲಿಂದ ಎಂಗವ್ವ ಎದ್ದೆ?"

"ಇನ್ನಾಗಲ್ಲ ಅಂತ ಕೂತಿದ್ದೆ ತಾತ. ಆಟೋನೂ ಬಂತು. ಅತ್ತಾಣ ಅಂತಿದ್ದಾಗ ಮೂಲೆಮನೆ ಅಜ್ಜಿ ಗ್ಯಾಪಕ ಬಂದ್ಲು. ಅವ್ಳ ಮುಂದೆ ಓಗಿ ನಿಂತ್ಕಂಡು ಒಂದಿಡಿ ಅಕ್ಕಿ ವಾಪಸ್ ಕೊಡೋದಾ! ಅದ್ಕಿಂತ ಈ ಕಾಲು ನೋವೇ ವಾಸಿ ಅಂತ ಎದ್ದೆ."

ನನ್ನ ಗಂಟು ಅಲ್ಲೇ ಸಡಿಲವಾಯಿತು. ಕೊಟ್ಟವರು ಇವಳನ್ನು ಓಡಿಸಿದರು, ಇವಳು ಓಡಿ ಅವರು ಕೊಟ್ಟದ್ದನ್ನು ಉಣ್ಣುವ ಹಾಗೆ ಮಾಡಿದಳು. ಹಗ್ಗ ಎರಡೂ ಕಡೆಯಿಂದ ಕಟ್ಟಿತ್ತು.

ಸಂಜೆ ಊರಿಗೆ ಬಂದವನೇ ತಾಮ್ರದ ಚೊಂಬಿನಲ್ಲಿ ತಂದಿದ್ದ ಅನ್ನವನ್ನು ಮನೆ ಮನೆಗೆ ತುತ್ತು ತುತ್ತು ಹಂಚಿದೆ. ಹೋದ ಕಡೆಯೆಲ್ಲ ಕೈ ಎತ್ತಿ ಬೆರಳು ಅಲ್ಲಾಡಿಸಿ ತೋರಿಸಿದೆ. ಮೂಲೆಮನೆ ಅಜ್ಜಿ ಬಾಗಿಲಲ್ಲೇ ಕಾದಿದ್ದಳು. ಏನೂ ಕೇಳದೆ ಅಂಗೈ ಚಾಚಿದಳು. ತುತ್ತನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಇದ್ದ ನಾಕು ಹಲ್ಲಿನಲ್ಲಿ ಬಹಳ ಹೊತ್ತು ಅಗಿದಳು.

"ಬೇಯ್ದೆ ಗಟ್ಟಿಯಾಗಿರೋದು ನನ್ನಕ್ಕೀನೆ ಕಣ್ಲಾ," ಅಂದಳು. "ಹಳೇದು. ಅಷ್ಟು ಸುಲಭಕ್ಕೆ ಬೇಯಕ್ಕಿಲ್ಲ."

ಆಮೇಲೆ ಇನ್ನೊಂದು ತುತ್ತಿಗೆ ಕೈ ಚಾಚಿದಳು.