ಕೆಂಪು ಬಲ್ಬಿನ ಗಿರಿಜಕ್ಕ

ಗಿರಿಜಕ್ಕ ಕೆಲಸಕ್ಕೆ ನಿಂತಳೆಂದರೆ ಬಾಗಿಲಿಗೆ ಒಳಗಿನಿಂದ ಚಿಲಕ, ಕಿಟಕಿಗೆ ಕರಿ ಬಟ್ಟೆ, ತಲೆಯ ಮೇಲೊಂದು ಮಂಕು ಕೆಂಪು ಬಲ್ಬು. ನಮ್ಮ ಸಂಶೋಧನಾಲಯದಲ್ಲಿ ಎಲ್ಲರೂ ಅವಳನ್ನು ಗೂಬೆ ಅನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು, ನಗುತ್ತಿದ್ದಳು. ಅವಳು ಶಿಕಾರಿಪುರದವಳು, ನಾನು ಪಕ್ಕದ ಸೊರಬದವಳು. ಸಂಶೋಧನಾಲಯವಿದ್ದ ಆ ದೂರದ ಊರಿನಲ್ಲಿ ಅಕ್ಕ-ತಂಗಿ ಆಗಲಿಕ್ಕೆ ಅಷ್ಟು ಸಾಕಿತ್ತು.

ಜೀವಕೋಶದೊಳಗೆ ಯಾವ ಪ್ರೋಟೀನು ಯಾವುದರ ಜೊತೆ ಸೇರುತ್ತದೆ ಎಂದು ಪತ್ತೆ ಹಚ್ಚುವುದು ಅವಳ ಕೆಲಸ. ಅದಕ್ಕೊಂದು ರಾಸಾಯನಿಕವಿತ್ತು. ಅದನ್ನು ಒಂದು ಪ್ರೋಟೀನಿಗೆ ಕಟ್ಟಿ, ಬೇಕಾದ ಗಳಿಗೆಯಲ್ಲಿ ಬೆಳಕು ಹಾಯಿಸಿದರೆ, ಆಗ ಪಕ್ಕದಲ್ಲಿರುವ ಪ್ರೋಟೀನಿಗೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಂಕು ಕೆಂಪು ಬೆಳಕೊಂದು ಮಾತ್ರ ಅದನ್ನು ಕೆಣಕದು. "ಸಂತ್ಯಾಗ ಯಾರ ಜೊತಿ ಯಾರು ನಿಂತಿದ್ರು ಅಂತ ಗೋಂದು ಹಚ್ಚಿ ನೋಡಿದಂಗ" ಎನ್ನುತ್ತಿದ್ದಳು. ಹೋಲಿಕೆಗೆಂದು ಬೆಳಕೇ ಕಾಣದ ಕೆಲವು ಟ್ಯೂಬುಗಳನ್ನೂ ಇಡಬೇಕು. ಅವುಗಳಲ್ಲಿ ಏನೂ ಅಂಟದಿದ್ದರೆ ಮಾತ್ರ ಉಳಿದದ್ದನ್ನು ನಂಬಬಹುದು.

ಪಿಎಚ್‌ಡಿಗೆ ಅವಳಿಗೆ ಉಳಿದಿದ್ದು ಅದೊಂದೇ ಪ್ರಯೋಗ. ಅದನ್ನು ಮಾಡುತ್ತಿದ್ದ ದಿನ ನಮ್ಮ ಗೈಡ್ ಯಾರೋ ಅತಿಥಿಗಳನ್ನು ಕರೆತಂದು, ಬಾಗಿಲು ಬಡಿದು ತೆಗೆಸಿ, ಫೋಟೋ ಚೆನ್ನಾಗಿ ಬರಲೆಂದು ಇದ್ದಬದ್ದ ದೀಪವನ್ನೆಲ್ಲ ಹಾಕಿಸಿದರು. ಆಮೇಲೆ ನೋಡಿದರೆ ಬೆಳಕು ಬೀಳಬಾರದ ಟ್ಯೂಬುಗಳಲ್ಲೂ ಅಂಟಿತ್ತು. ಅವನ್ನು ಬಿಟ್ಟು ಉಳಿದದ್ದು ಬರೆ ಎಂದರು ಗೈಡ್, ತಣ್ಣಗೆ. ಇವಳು ಒಪ್ಪಲಿಲ್ಲ. ಇನ್ನೊಮ್ಮೆ ಮಾಡುತ್ತೇನೆ, ಸ್ವಲ್ಪ ಅವಕಾಶ ಕೊಡಿ ಎಂದು ಅಂಗಲಾಚಿದಳು. ಅವರು ಅವಧಿ ವಿಸ್ತರಣೆಗೆ ಸಹಿ ಹಾಕಲಿಲ್ಲ. ಹರಿಶ್ಚಂದ್ರನ ಮೊಮ್ಮಗಳು ಎಂದು ಆಡಿಕೊಂಡಿದ್ದು ಬೇರೆ. ಆ ಮನುಷ್ಯನನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಪದವಿಯಿಲ್ಲದೆ ಗಿರಿಜಕ್ಕ ಊರಿಗೆ ಹೊರಟಳು. ಮುಂದೆ ಗೈಡ್ ಅದೇ ಪ್ರಯೋಗವನ್ನು ಇನ್ನೊಬ್ಬನಿಂದ ಮಾಡಿಸಿ ಪ್ರಬಂಧ ಹೊರತಂದರು. ಎಲ್ಲಿ ಹುಡುಕಿದರೂ ಅದರಲ್ಲಿ ಅವಳ ಹೆಸರಿಲ್ಲ.

ಹೋದ ವರ್ಷ ಅಂಜನಾಪುರಕ್ಕೆ ಒಂದು ಮದುವೆಗೆ ಹೋದವಳು ಅಲ್ಲೇ ಹತ್ತಿರದ ಶಿಕಾರಿಪುರದಲ್ಲಿ ಇಳಿದು ಅವಳನ್ನು ಹುಡುಕಿದೆ. ಟ್ಯೂಷನ್ ಕೇಂದ್ರವೊಂದರಲ್ಲಿ ನೀಟ್ ಪರೀಕ್ಷೆಯ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಬಾಗಿಲ ಮೇಲಿನ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ "ಡಾ. ಗಿರಿಜಾ" ಎಂದಿತ್ತು. ನಾನು ಅದನ್ನೇ ನೋಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಕೇಂದ್ರದವರೇ ಬರೆಸಿದ್ದು, ತನ್ನನ್ನು ಕೇಳಲಿಲ್ಲ ಎಂದಳು. ಹಾಗಾದರೆ ಅಳಿಸಿ ಅಂತ ಹೇಳಬಾರದಿತ್ತೇ ಅಕ್ಕ ಎಂದೆ.

ಕೈಗಂಟಿದ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

"ಹೇಳಿದ್ರ ಅಳಿಸ್ತಾರ ತಂಗಿ. ನಾನೇ ಹೇಳಿಲ್ಲ."