ಲೋಡಿಗೆ ಹಿಡಿದ ಫೋಕಸ್

ಎಡಿಟಿಂಗ್ ಎಂದರೆ ನನಗೆ ಮೊದಲಿನಿಂದಲೂ ಮೈ ಉರಿ. ವಿಜಯಪುರದ ಸ್ಟೇಷನ್ ರಸ್ತೆಯ ಒಳಗಡೆ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಬಸುರಿಯರ ಕುಬುಸ, ಕೂಸಿನ ತೊಟ್ಟಿಲು, ಯಾವ ಕಾರ್ಯಕ್ರಮಕ್ಕೆ ಹೋದರೂ ಜನರದು ಒಂದೇ ಮಾತು: “ಇರ್ಲಿ ಹೊಡೀರಿ, ಆಮ್ಯಾಲೆ ಎಡಿಟಿಂಗ್‌ದಾಗ ತಗದ್ರಾತು.” ಹಿಂದೆ ಕಸದ ಬುಟ್ಟಿ ಕಾಣುತ್ತಿದೆ ಎಂದರೂ ಅದೇ, ಮದುಮಗನ ಕಾಲರು ಮಡಚಿದೆ ಎಂದರೂ ಅದೇ. ಬುಟ್ಟಿ ಎತ್ತಿ ಆಚೆ ಇಡುವುದಕ್ಕೆ ಎಷ್ಟು ಹೊತ್ತು ಬೇಕು, ನೀವೇ ಹೇಳಿ. ನಾನು ಕ್ಯಾಮೆರಾ ಕೆಳಗಿಟ್ಟು, ನಾನೇ ಹೋಗಿ ಎತ್ತಿಡುತ್ತೇನೆ. ಬೆಳಕು ಸರಿಯಿಲ್ಲದಿದ್ದರೆ ಕೂತವರನ್ನು ಎಬ್ಬಿಸಿ ಕಿಟಕಿಯ ಕಡೆ ಕೂಡಿಸುತ್ತೇನೆ. ಕಿರಿಕಿರಿ ಮನುಷ್ಯ ಎನ್ನುತ್ತಾರೆ. ಅನ್ನಲಿ.

ಎಲ್ಲಕ್ಕಿಂತ ಸಿಟ್ಟು ಬರುವುದು ಫೋಕಸ್ ತಪ್ಪಿದ ಫೋಟೋ ತಂದು, “ಇದನ್ನಿಷ್ಟು ಶಾರ್ಪ್ ಮಾಡಿ ಕೊಡ್ರಿ” ಎನ್ನುವವರನ್ನು ಕಂಡರೆ. ಕಂಪ್ಯೂಟರಿನಲ್ಲಿ ಅದಕ್ಕೊಂದು ಪಟ್ಟಿ ಇದೆ, ಬಲಕ್ಕೆ ಎಳೆದಷ್ಟೂ ಶಾರ್ಪ್ ಹೆಚ್ಚಾಗುತ್ತದೆ. ಆದರೆ ಅದು ಕ್ಯಾಮೆರಾ ಕಾಣದ್ದನ್ನು ತಂದುಕೊಡುವುದಿಲ್ಲ, ಇದ್ದ ಅಂಚುಗಳನ್ನೇ ಗಡುಸು ಮಾಡುತ್ತದೆ. ಜಾಸ್ತಿ ಎಳೆದರೆ ಗಡ್ಡ ತಂತಿ ಬ್ರಷ್ಷಿನ ಹಾಗಾಗುತ್ತದೆ, ಕೂದಲಿನ ಸುತ್ತ ಬಿಳಿ ಗೆರೆ ಏಳುತ್ತದೆ. ಕಣ್ಣು ಮಾತ್ರ ಹಾಗೇ ಮಂಕಾಗಿ ಉಳಿಯುತ್ತದೆ.

ನನಗೆ ನಲವತ್ತು ದಾಟಿದೆ, ಮದುವೆಯಾಗಿಲ್ಲ. ಯಾಕೆಂದು ಕೇಳಿದವರಿಗೆ ಹೇಳುವಂಥ ದೊಡ್ಡ ಕಾರಣವೂ ಇಲ್ಲ. ಸಂಬಂಧಗಳು ಬಂದವು, ಹೋದವು, ಆಮೇಲೆ ಬರುವುದೇ ನಿಂತಿತು. ತೊರವಿಗೆ ಹೋಗುವ ದಾರಿಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿದ್ದೇನೆ. ಊಟ ಖಾನಾವಳಿಯಲ್ಲಿ. ದಿನವಿಡೀ ಮಂದಿಯನ್ನು ಒಬ್ಬರಿಗೊಬ್ಬರು ಒತ್ತಿ ನಿಲ್ಲಿಸಿ, “ಇನ್ನಷ್ಟು ಹತ್ರ ಬರ್ರಿ, ನಗ್ರಿ” ಎಂದು ಹೇಳಿ ಬಂದು, ಸಂಜೆ ಬೀಗ ತೆಗೆದರೆ ಬೆಳಿಗ್ಗೆ ನಾನು ಕುಡಿದಿಟ್ಟ ಚಹಾದ ಲೋಟ ಇಟ್ಟಲ್ಲೇ ಇರುತ್ತದೆ. ಆ ಲೋಟ ಕಂಡರೆ ಸಂಕಟವಾಗುತ್ತದೆ. ಯಾರಾದರೂ ಅದನ್ನು ಅಲ್ಲಿಂದ ಎತ್ತಿಟ್ಟಿರಬಾರದೇ ಎನ್ನಿಸುತ್ತದೆ.

ನನ್ನ ಅಕ್ಕನನ್ನು ತಿಕೋಟಾಕ್ಕೆ ಕೊಟ್ಟಿದೆ. ದ್ರಾಕ್ಷಿ ತೋಟದ ಕೆಲಸದ ನಡುವೆಯೂ ನನ್ನ ಚಿಂತೆ ಬಿಟ್ಟವಳಲ್ಲ. ಹೋದ ವರ್ಷ ಒಂದು ದಿನ ಫೋನು ಮಾಡಿದಳು.

“ತಮ್ಮಾ, ಬಬಲೇಶ್ವರದಾಗ ಒಂದು ಮನಿ ಐತಿ. ಹುಡುಗಿ ಅಂಗನವಾಡಿ ಟೀಚರ್. ನಿನ್ನಕಿಂತ ನಾಕೈದು ವರ್ಷ ಸಣ್ಣಾಕಿ. ಒಂದು ಫೋಟೋ ಕಳಸು. ಆದ್ರ ಎಡಿಟ್ ಮಾಡಿದ್ದು ಬ್ಯಾಡಂತ, ಆಕಿನ ಹೇಳ್ಯಾಳ. ಹಿಂದ ಒಬ್ಬಾಂವ ಫೋಟೋದಾಗ ಒಂದು ನಮೂನಿ ಇದ್ದ, ನೋಡಾಕ ಬಂದಾಗ ಇನ್ನೊಂದು ನಮೂನಿ ಇದ್ದನಂತ.”

ಎಡಿಟ್ ಮಾಡದ ಫೋಟೋ ಕೇಳುವ ಹೆಣ್ಣು! ಮುಖ ನೋಡುವ ಮೊದಲೇ ಆಕೆ ನನಗೆ ಹಿಡಿಸಿಬಿಟ್ಟಳು. ಈ ಸಂಬಂಧ ಆಗಬೇಕು ಎಂದು ಮನಸ್ಸು ಹಟಕ್ಕೆ ಬಿತ್ತು. ಎಷ್ಟೋ ವರ್ಷಗಳಿಂದ ಅಂಥ ಆಸೆಯೇ ಹುಟ್ಟಿರಲಿಲ್ಲ.

ಆದರೆ ಫೋಟೋ? ಊರಿನವರದೆಲ್ಲ ನನ್ನ ಹತ್ತಿರ ಇದೆ, ನನ್ನದೇ ಇಲ್ಲ. ಇನ್ನೊಂದು ಸ್ಟುಡಿಯೋಗೆ ಹೋಗಿ ವರನ ಫೋಟೋ ತೆಗೆಸಿಕೊಂಡರೆ ಸಂಜೆಯೊಳಗೆ ಇಡೀ ಸ್ಟೇಷನ್ ರಸ್ತೆಗೆ ಸುದ್ದಿಯಾಗುತ್ತದೆ. ಮೊಬೈಲಿನ ಸೆಲ್ಫಿ ಕೇಳಲೇ ಬೇಡಿ, ಅದು ಯಾರೂ ಹೇಳದಿದ್ದರೂ ತಾನೇ ಮುಖಕ್ಕೆ ಸುಣ್ಣ ಬಳಿಯುತ್ತದೆ. ಕಡೆಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಟೈಮರ್ ಹಾಕಿ ನಾನೇ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆ.

ನನ್ನದು ಹಳೇ ಕ್ಯಾಮೆರಾ. ಈಗಿನವುಗಳ ಹಾಗೆ ತಾನೇ ಕಣ್ಣು ಹುಡುಕಿಕೊಳ್ಳುವುದಿಲ್ಲ. ಎದುರಿಗೆ ಒಬ್ಬರು ಕೂತಿದ್ದರೆ, ಕ್ಯಾಮೆರಾ ಹಿಂದೆ ಇನ್ನೊಬ್ಬರು ನಿಂತು ಫೋಕಸ್ ಹಿಡಿಯಬೇಕು. ನಾನು ಕ್ಯಾಮೆರಾ ಹಿಂದೆ ನಿಂತರೆ ಕುರ್ಚಿ ಖಾಲಿ. ಅದಕ್ಕೆ ಗಾದಿಯ ಮೇಲೆ ಒರಗಲು ಇಟ್ಟ ಲೋಡನ್ನು ತಂದು ಕುರ್ಚಿಯಲ್ಲಿ ನಿಲ್ಲಿಸಿ, ಅದಕ್ಕೆ ನನ್ನದೇ ಅಂಗಿ ತೊಡಿಸಿ, ಅದರ ಮೇಲೆ ಫೋಕಸ್ ಹಿಡಿದೆ. ಆಮೇಲೆ ಅಂಗಿ ಬಿಚ್ಚಿ ನಾನು ತೊಟ್ಟುಕೊಂಡು, ಲೋಡು ಎತ್ತೊಗೆದು, ಟೈಮರ್ ಒತ್ತಿ, ಓಡಿ ಹೋಗಿ ಅದೇ ಜಾಗದಲ್ಲಿ ಕೂತೆ. ಸರಿಯಾಗಿ ಅದೇ ಜಾಗ ಸಿಗಬೇಕಲ್ಲ. ಒಮ್ಮೆ ಮುಂದೆ, ಒಮ್ಮೆ ಹಿಂದೆ. ನೋಡಲೆಂದು ಲೋಡಿನದೂ ಒಂದು ಫೋಟೋ ಹೊಡೆದಿದ್ದೆ, ಅದರ ಅಂಗಿಯ ಗುಂಡಿಯ ದಾರ ಕೂಡ ಎಣಿಸುವಷ್ಟು ಸ್ವಚ್ಛ ಬಂದಿತ್ತು. ನನ್ನ ಮುಖ ಮಾತ್ರ ಪ್ರತಿ ಸಲವೂ ಮಂಕು.

ಇದ್ದುದರಲ್ಲಿ ಒಂದನ್ನು ಆರಿಸಿ, ಕಂಪ್ಯೂಟರಿನಲ್ಲಿ ಫೋಟೋದ ಕಣ್ಣನ್ನು ದೊಡ್ಡದು ಮಾಡಿ ನೋಡಿದೆ. ಕಣ್ಣಗುಡ್ಡೆಯಲ್ಲಿ ಸ್ಟ್ಯಾಂಡಿನ ಮೂರು ಕಾಲು ಮಸುಕಾಗಿ ಕಾಣುತ್ತಿದ್ದವು, ಬೇರೇನೂ ಇರಲಿಲ್ಲ. ಶಾರ್ಪ್ ಮಾಡುವ ಪಟ್ಟಿಯನ್ನು ಒಮ್ಮೆ ಎಳೆದೆ. ಗಡ್ಡ ತಂತಿಯಾಯಿತು. ಥೂ ಎಂದು ಹಿಂದಕ್ಕೆ ತಂದೆ. ಆಕೆ ಕೇಳಿದ್ದೇ ಎಡಿಟ್ ಮಾಡದ್ದು, ಹಾಗೇ ಹೋಗಲಿ ಎಂದು ಮಂಕಾದದ್ದನ್ನೇ ಕಳಿಸಿದೆ.

ಹೆಣ್ಣಿನ ಮನೆಯವರು ಬರ ಹೇಳಿದರು. ಅವತ್ತು ಬೆಳಿಗ್ಗೆ ತಿಕೋಟಾದಲ್ಲಿ ಒಂದು ತೊಟ್ಟಿಲು ಕಾರ್ಯಕ್ರಮ ಇತ್ತು. ಅದನ್ನು ಮುಗಿಸಿ, ಕ್ಯಾಮೆರಾ ಚೀಲ ಹೆಗಲಿಗಿದ್ದಂತೆಯೇ ಅಕ್ಕನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬಬಲೇಶ್ವರಕ್ಕೆ ಹೋದೆ. ಹುಡುಗಿಯ ಅಣ್ಣ ಒಳ್ಳೆಯ ಮನುಷ್ಯ. ಅವಲಕ್ಕಿ, ಚಹಾ ಆದ ಮೇಲೆ ಅಕ್ಕನನ್ನು ಒಳಗೆ ಕರೆದುಕೊಂಡು ಹೋಗಿ, ನಮ್ಮಿಬ್ಬರನ್ನು ಅಂಗಳದ ಬೇವಿನ ಗಿಡದ ಕೆಳಗೆ ಮಾತಾಡಲು ಬಿಟ್ಟ.

“ಫೋಟೋ ನೋಡಿದೆ,” ಎಂದಳು ಆಕೆ. “ಯಾರ ತಗದದ್ದರಿ ಅದು?”

“ನಾನ ತಗೊಂಡದ್ದರಿ. ಟೈಮರ್ ಇಟ್ಟು.”

“ಅದಕ್ಕ ಹಂಗ ಐತಿ. ಅದ್ರಾಗ ನೀವು ಯಾರನ್ನೂ ನೋಡಾಕತ್ತಿಲ್ಲ.”

ಲೋಡಿಗೆ ಅಂಗಿ ತೊಡಿಸಿದ್ದನ್ನು ಹೇಳಿದೆ. ಜೋರಾಗಿ ನಕ್ಕಳು. ಅಂಗನವಾಡಿಯಲ್ಲಿ ದಿನಾ ಮಕ್ಕಳ ಫೋಟೋ ತೆಗೆದು ಮೊಬೈಲಿನಲ್ಲಿ ಮೇಲಿನವರಿಗೆ ಕಳಿಸಬೇಕು, ಒಂದು ಮಗುವೂ ನೆಟ್ಟಗೆ ಕೂಡುವುದಿಲ್ಲ ಎಂದು ಆಕೆಯೂ ಹೇಳಿದಳು. ಮಾತು ಎಷ್ಟು ಹಗುರಾಗಿ ಬರುತ್ತಿತ್ತೆಂದರೆ, ಇನ್ನು ಆಯಿತು, ಈ ಮನೆಗೆ ನಾನು ಅಳಿಯನೇ ಎಂದುಕೊಂಡೆ. ಆಗ ಆಕೆ ನಗು ನಿಲ್ಲಿಸಿದಳು.

“ನಿಮಗ ಖರೇ ಹೇಳಿಬಿಡ್ತೀನ್ರಿ. ಅಣ್ಣನ ಸಲುವಾಗಿ ಹೂಂ ಅಂದಿದ್ದೆ. ನನಗ ಲಗ್ನದ ಮ್ಯಾಲೆ ಮನಸಿಲ್ಲ. ಒಬ್ಬಾಕಿನ ಇರೂದು ರೂಢಿ ಆಗೇತಿ, ಅದ ಛಲೋ ಅನಸತೈತಿ. ನಿಮ್ಮಾಗ ಏನೂ ಕೊರತಿ ಇಲ್ರಿ.”

“ಆತ್ರಿ,” ಎಂದೆ. ಒಬ್ಬನೇ ಇರುವುದು ನನಗೂ ರೂಢಿಯಾಗಿದೆ, ಆದರೆ ನನಗದು ಒಂದು ದಿನವೂ ಛಲೋ ಅನ್ನಿಸಿಲ್ಲ. ಹೇಳಬೇಕೆನ್ನಿಸಿತು. ಬೇವಿನ ಎಲೆಯೊಂದನ್ನು ಹರಿಯುತ್ತ ಕೂತೆ.

ನನ್ನ ಮುಖ ನೋಡಿ ಆಕೆಗೆ ಕೆಡುಕೆನ್ನಿಸಿರಬೇಕು. ಕೈ ಚಾಚಿದಳು. “ಆ ಕ್ಯಾಮೆರಾ ಕೊಡ್ರಿ ಇಲ್ಲೆ. ಮುಂದಿನ ಮನಿಗೆ ಕಳಸಾಕರ ಒಂದು ಛಲೋ ಫೋಟೋ ಬೇಕಲ್ರಿ.”

ನೆರಳು, ಬೆಳಕು ನೋಡಿ ಎಲ್ಲ ಹೊಂದಿಸಿ ಕೊಟ್ಟೆ. “ಗುಂಡಿ ಅರ್ಧ ಒತ್ತರಿ. ಪೀಂ ಅಂದಮ್ಯಾಲೆ ಪೂರ್ತಿ ಒತ್ತರಿ,” ಎಂದು ಹೇಳಿ ಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತೆ. ಆಕೆ ಕ್ಯಾಮೆರಾ ಕೆಳಗಿಳಿಸಿದಳು.

“ಹಿಂಗ ಮಾರಿ ಬಿಗದ್ಕೊಂಡು ಕುಂತ್ರ ನೋಡಿದವರು ಅಂಜತಾರ್ರಿ.” ಮತ್ತೆ ಕಣ್ಣಿಗೆ ಹಿಡಿದು, ಮಕ್ಕಳಿಗೆ ಹೇಳುವ ದನಿಯಲ್ಲಿ, “ಇಲ್ಲಿ ನೋಡ್ರಿ, ಇಲ್ಲಿ, ಗುಬ್ಬಿ ಬಂತು, ಗುಬ್ಬಿ,” ಎಂದಳು.

ನಲವತ್ತು ದಾಟಿದ ನನಗೆ ಗುಬ್ಬಿ! ನಕ್ಕುಬಿಟ್ಟೆ. ಆಕೆ ಒತ್ತಿಬಿಟ್ಟಳು.

ಅಕ್ಕನನ್ನು ತಿಕೋಟಾಕ್ಕೆ ಬಿಟ್ಟು ಸ್ಟುಡಿಯೋಗೆ ಬಂದು ಫೋಟೋವನ್ನು ಕಂಪ್ಯೂಟರಿಗೆ ಹಾಕಿದೆ. ರೂಢಿಯಂತೆ ಕಣ್ಣನ್ನು ದೊಡ್ಡದು ಮಾಡಿದೆ. ರೆಪ್ಪೆಯ ಒಂದೊಂದು ಕೂದಲೂ ಬಂದಿತ್ತು. ಪಟ್ಟಿ ಮುಟ್ಟುವ ಅಗತ್ಯವೇ ಇರಲಿಲ್ಲ. ಮೊದಲಿನ ಫೋಟೋದಲ್ಲಿ ಸ್ಟ್ಯಾಂಡಿನ ಮೂರು ಕಾಲು ಇದ್ದ ಜಾಗದಲ್ಲಿ, ನನ್ನ ಕಣ್ಣೊಳಗೆ, ಎರಡೂ ಮೊಣಕೈ ಅಗಲಿಸಿ ಕ್ಯಾಮೆರಾ ಹಿಡಿದ ಆಕೆ ಸಣ್ಣಗೆ ನಿಂತಿದ್ದಳು.

ಕೆಲವು ದಿನಗಳ ಮೇಲೆ ಅಕ್ಕನ ಫೋನು ಬಂತು. “ತಮ್ಮಾ, ಅರಕೇರ್ಯಾಗ ಒಂದು ಮನಿ ಐತಿ. ಅವತ್ತ ಬಬಲೇಶ್ವರದಾಗ ತಗಸ್ಕೊಂಡ ಫೋಟೋ ಐತೆಲ್ಲ, ಅದನ್ನ ಕಳಸು.”

ಅರಕೇರಿಯವರು ಫೋಟೋದ ಕಣ್ಣು ದೊಡ್ಡದು ಮಾಡಿ ನೋಡುವುದಿಲ್ಲ, ಗೊತ್ತು. ಆದರೂ ಆಕೆಯನ್ನು ಕಣ್ಣಲ್ಲಿಟ್ಟುಕೊಂಡು ಇನ್ನೊಬ್ಬರ ಮನೆಗೆ ಹೋಗುವುದು ಹೇಗೆ? ಅಳಿಸಬೇಕೆಂದರೆ ಒಂದು ಗಳಿಗೆಯ ಕೆಲಸ. ಬುಟ್ಟಿ, ಕಾಲರು, ಕಂಬ, ಏನೇನನ್ನೋ ಅಳಿಸಿಕೊಡಿ ಎಂದವರ ಜೊತೆ ಇಷ್ಟು ವರ್ಷ ಜಗಳಾಡಿದ ಕೈ ಇದು.

“ಅದಕ್ಕ ಇನ್ನಾ ಎಡಿಟಿಂಗ್ ಬಾಕಿ ಐತಿ ಅಕ್ಕಾ,” ಎಂದೆ.

“ನೀ ಯಾವಾಗಿಂದ ಎಡಿಟಿಂಗ್ ಮಾಡಾಕತ್ತೀಪಾ?” ಎಂದು ಅಕ್ಕ ಕೇಳಿದಳು. ಆಮೇಲೆ ಅವಳೇ ಮೆಲ್ಲಗೆ, “ಊಟ ಆತಿಲ್ಲೋ?” ಎಂದಳು.