ಬೋಳು ಗಿಡ, ಒಣಗಿದ ಮರ

ಆ ಅರ್ಜಿಯನ್ನು ಬರೆದವಳು ನಾನೇ. ಅದನ್ನು ಬರೆದ ದಿನ ನಮ್ಮ ಹೊಲದ ಬೇವಿನಲ್ಲಿ ಒಂದು ಎಲೆಯೂ ಇರಲಿಲ್ಲ ಎಂಬುದು ನಿಜ. ಆದರೆ ಅಷ್ಟು ನಿಜ ಸಾಲದಾಗಿತ್ತು.

ನಮ್ಮ ಹೊಲ ಗುಡಗೇರಿಯ ಸಮೀಪದ್ದು. ಎರೆಭೂಮಿ, ಕಣ್ಣು ಹಾಯಿಸಿದಷ್ಟು ದೂರ ಬಯಲು. ಅಪ್ಪ ಕಾಳುಕಡಿಯ ಅಂಗಡಿಯೊಂದರಲ್ಲಿ ತೂಕದ ಕೆಲಸಕ್ಕೆ ಹೋಗುವುದರಿಂದ ಹೊಲದ ಕಾರಭಾರವೆಲ್ಲ ಅವ್ವನದು. ಹೊಲದ ಒಂದು ಮೂಲೆಯಲ್ಲಿ ಎಮ್ಮೆ ಕಟ್ಟುವ ತಗಡಿನ ಶೆಡ್ಡು, ಅದರ ಪಕ್ಕದಲ್ಲಿ ಆ ಬೇವು. ಸುತ್ತಲಿನ ನಾಲ್ಕಾರು ಹೊಲಗಳಿಗೆ ನೆರಳೆಂದರೆ ಅದೊಂದೇ. ಬೇಸಿಗೆಯಲ್ಲಿ ಅವ್ವನೂ ಅವಳೊಡನೆ ಕೆಲಸಕ್ಕೆ ಬರುವ ಹೆಂಗಸರೂ ಮಧ್ಯಾಹ್ನ ಬುತ್ತಿ ಬಿಚ್ಚುವುದು ಅಲ್ಲಿಯೇ.

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನು ಮೊದಲಿಗಳು. ಆದ್ದರಿಂದ ಮನೆಯ ಅರ್ಜಿಗಳೆಲ್ಲ ನನ್ನ ಪಾಲಿಗೆ ಬಂದವು. ಕ್ರಮೇಣ ಓಣಿಯವೂ ಬಂದವು. ಬರೆಯುವಾಗ ನನಗೆ ಒಂದು ಭಯ ಇದ್ದೇ ಇರುತ್ತದೆ. ಓದುವವರು ಯಾವುದೋ ಒಂದು ಪದದಲ್ಲಿ ನಮ್ಮ ಮನೆಯನ್ನು ಕಂಡುಬಿಟ್ಟಾರು ಎಂಬ ಭಯ. ಕಾಲೇಜಿನ ಮೊದಲ ವರ್ಷ, ಪ್ರಬಂಧವೊಂದರಲ್ಲಿ ನಾನು 'ಬೇವಿನ ಗಿಡ' ಎಂದು ಬರೆದಿದ್ದೆ. ಗಿಡವೆಂದರೆ ಮೊಣಕಾಲೆತ್ತರದ್ದು, ಬೇವು ಮರ ಎಂದು ಅಧ್ಯಾಪಕರು ಕೆಂಪು ಶಾಯಿಯಲ್ಲಿ ತಿದ್ದಿದರು. ನಮ್ಮ ಕಡೆ ಆಲವೂ ಗಿಡವೇ, ಹುಣಸೆಯೂ ಗಿಡವೇ. ಅಂದಿನಿಂದ ನಾನು ನಮ್ಮ ಗಿಡಗಳನ್ನೆಲ್ಲ ಮರ ಮಾಡುತ್ತ ಬಂದೆ.

ಶಿವರಾತ್ರಿ ಮುಗಿದ ವಾರ. ಕಡಲೆಯ ಒಕ್ಕಣೆಯಾಗಿ ಹೊಲ ಬರಿದಾಗಿತ್ತು. ಬೇವಿನ ಒಂದು ಟೊಂಗೆ ಕೊಳವೆಬಾವಿಯ ಕರೆಂಟಿನ ತಂತಿಗೆ ತಾಗುತ್ತಿತ್ತು. ಗಾಳಿ ಬೀಸಿದಾಗ ಕಿಡಿ ಸಿಡಿಯುತ್ತಿತ್ತು. ವಿದ್ಯುತ್ ಕಚೇರಿಗೆ ಅರ್ಜಿ ಕೊಡಬೇಕೆಂದು ಅವ್ವ ಹೇಳಿದಳು.

"ಗಿಡ ಬೋಳಾಗೇತಿ, ಈಗ ಬರಿ. ಚಿಗಿತ ಮ್ಯಾಲ ಟೊಂಗಿ ಕಡೀಬಾರದು."

'ಬೋಳು' ಎಂಬ ಪದವನ್ನು ಸರಕಾರಿ ಕಾಗದದ ಮೇಲೆ ಬರೆಯಲು ನನಗೆ ಕೈ ಬರಲಿಲ್ಲ. ನಮ್ಮ ಓಣಿಯ ಜಗಳಗಳಲ್ಲಿ ಗಂಡ ಸತ್ತ ಹೆಂಗಸರ ಮೇಲೆ ಎಸೆಯುವ ಬೈಗುಳಕ್ಕೆ ಅದು ತೀರ ಹತ್ತಿರದ್ದು. ಸಭ್ಯವಾದ ಬೇರೊಂದು ಪದಕ್ಕಾಗಿ ಯೋಚಿಸಿ, 'ಸದರಿ ಬೇವಿನ ಮರವು ಸಂಪೂರ್ಣವಾಗಿ ಒಣಗಿದ್ದು, ವಿದ್ಯುತ್ ತಂತಿಗೆ ತಾಗುತ್ತಿರುವುದರಿಂದ ತೆರವುಗೊಳಿಸಬೇಕಾಗಿ ವಿನಂತಿ' ಎಂದು ಬರೆದೆ. 'ಸಂಪೂರ್ಣವಾಗಿ' ಎಂಬುದನ್ನು ವಾಕ್ಯಕ್ಕೆ ತೂಕ ಬರಲೆಂದು ಸೇರಿಸಿದ್ದೆ. ಅವ್ವನಿಗೆ ಸಹಿ ಮಾಡುವಷ್ಟೇ ಅಕ್ಷರ ಬರುತ್ತದೆ. ಓದಿ ಹೇಳಲೇ ಎಂದು ನಾನು ಕೇಳಲಿಲ್ಲ, ಓದು ಎಂದು ಅವಳೂ ಹೇಳಲಿಲ್ಲ.

ಮುಂದಿನ ಹತ್ತು ದಿನಗಳಲ್ಲಿ ಕಾಲ ಹೊರಳಿತು. ಪರೀಕ್ಷೆಗಳಲ್ಲಿ ನಾನು ವಸಂತ ಎಂದು ಬರೆದ ಋತುವಿಗೆ ಅವ್ವನಲ್ಲಿ ಪ್ರತ್ಯೇಕ ಹೆಸರಿಲ್ಲ. ಥಂಡಿ ಹೋಯಿತು ಎನ್ನುತ್ತಾಳೆ, ಅಷ್ಟೆ. ನಸುಕಿನಲ್ಲಿ ಎಮ್ಮೆಯ ಬೆನ್ನಿಗೆ ಹೊದಿಸುತ್ತಿದ್ದ ಗೋಣಿತಟ್ಟನ್ನು ಒಂದು ದಿನ ಅವಳು ಮಡಚಿ ಇಟ್ಟುಬಿಟ್ಟಳು. ಬುತ್ತಿಯ ಜೊತೆಗೆ ಮಜ್ಜಿಗೆಯ ತಂಬಿಗೆ ಹೊಲಕ್ಕೆ ಬರತೊಡಗಿತು. ಮೂಡಗಾಳಿ ನಿಂತು, ಸಂಜೆಯ ಹೊತ್ತಿಗೆ ಪಡುವಣದಿಂದ ತೆಳ್ಳಗೆ ಇನ್ನೊಂದು ಗಾಳಿ ಎದ್ದಿತು. ಎರೆಯ ಬಿರುಕುಗಳು ಬೆರಳು ತೂರುವಷ್ಟು ಅಗಲವಾದವು. ನಾನು ಕೋಗಿಲೆಗಾಗಿ ಕಿವಿಗೊಟ್ಟೆ. ಆ ಬಯಲಿನಲ್ಲಿ ಕೇಳಿಸಿದ್ದು ಬಿಸಿಲಿಗೆ ಹಿಗ್ಗುವ ತಗಡಿನ ಟಕ್ ಟಕ್ ಸದ್ದು ಮಾತ್ರ. ಹಿಂದಿನ ವಾರದವರೆಗೂ ಅದು ಇರಲಿಲ್ಲ.

ಒಂದು ಮುಂಜಾನೆ ಎಮ್ಮೆಯನ್ನು ಕಟ್ಟುವಾಗ, ತಲೆಗೆ ತಾಗುವ ಕಡ್ಡಿಯೊಂದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪನ್ನು ಕಂಡೆ. ಪಕ್ಕದ ಕಡ್ಡಿಯಲ್ಲಿಯೂ ಇತ್ತು. ಮೇಲೆ ನೋಡಿದರೆ ಬೂದುಬಣ್ಣದ ಮರಕ್ಕೆಲ್ಲ ತಾಮ್ರದ ಪುಡಿ ಉದುರಿಸಿದಂತಿತ್ತು. ಸಂತೋಷದಿಂದ ಅವ್ವನನ್ನು ಕರೆದೆ. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹೋಳಿಯ ಹೊತ್ತಿಗೆ ಅದು ಚಿಗಿಯುವುದೇ. ಒಂದು ಟೊಂಗೆ ಕಡಿಯಲು ಲೈನ್‌ಮನ್ ಇಷ್ಟು ದಿನ ಮಾಡಬೇಕೇ ಎಂದು ಗೊಣಗುತ್ತ ಶೆಡ್ಡಿನೊಳಗೆ ಹೋದಳು.

ಒಂದು ಟೊಂಗೆ. ನಾನು ಅರ್ಜಿಯಲ್ಲಿ ಟೊಂಗೆ ಎಂಬ ಪದವನ್ನೇ ಬಳಸಿರಲಿಲ್ಲ. ಮೊಬೈಲಿನಲ್ಲಿದ್ದ ಅದರ ಫೋಟೋ ತೆಗೆದು ಓದಿದೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಚಿಗುರುತ್ತಿರುವ ಬೇವನ್ನು ಸತ್ತಿದೆ ಎಂದು ಬರೆದು, ಅದನ್ನು ಬುಡಸಹಿತ ತೆಗೆಯಿರಿ ಎಂದು ಅವ್ವನ ಹೆಸರಿನಲ್ಲಿ ಕೇಳಿಕೊಂಡಿದ್ದೆ. ಮರುದಿನ ಕಚೇರಿಗೆ ಹೋಗಿ ಸದ್ದಿಲ್ಲದೆ ತಿದ್ದಿ ಬಂದರಾಯಿತು ಎಂದುಕೊಂಡೆ. ಅವ್ವನಿಗೆ ಹೇಳಲಿಲ್ಲ.

ಮರುದಿನ ನಾನು ಹೊಲದಿಂದ ಬಸ್ಸಿಗೆ ಹೊರಡುವ ಮೊದಲೇ ಲೈನ್‌ಮನ್ ಅಲ್ಲಿಗೆ ಬಂದರು. ಜೊತೆಗೆ ಮರ ಕೊಯ್ಯುವ ಮಷಿನ್ ಹಿಡಿದ ಇಬ್ಬರಿದ್ದರು. ಒಣಮರ ಗಾಳಿಗೆ ಬಿದ್ದರೆ ಲೈನೇ ಹೋಗುತ್ತದೆ, ಬುಡಕ್ಕೆ ಕೊಯ್ಯಲು ಹೇಳಿದ್ದಾರೆ ಎಂದು ಅವರು ತಿಳಿಸಿದಾಗ ಅವ್ವ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟಳು.

"ಯಾರ ಹೇಳಿದ್ರಿ ಒಣಗೇತಿ ಅಂತ? ಇದನ್ನ ಕಡದ್ರ ಬ್ಯಾಸಗಿ ತುಂಬ ನಾವ ಎಲ್ಲಿ ಕುಂದ್ರೂಣ್ರಿ?"

ಲೈನ್‌ಮನ್ ಅರ್ಜಿಯನ್ನು ಬಿಡಿಸಿ ತೋರಿಸಿದರು. "ನಿಮ್ಮ ಸಹೀನ ಐತಲ್ರೀ, ಅಕ್ಕಾರ."

ಅವ್ವ ಕಾಗದವನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಸಹಿ ನಂದು. ಅಕ್ಷರ ನನ್ನ ಮಗಳ್ದು."

ಆಗ ಅವರೆಲ್ಲರೂ ನನ್ನ ಕಡೆಗೆ ತಿರುಗಿದರು. ಕಚೇರಿಯಲ್ಲಿ ಹೇಳಬೇಕೆಂದು ಹಿಂದಿನ ದಿನವೇ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ.

"ಒಣಗಿಲ್ರಿ," ಎಂದೆ. "ಬೋಳಾಗಿತ್ತು. ನಾ ತಪ್ಪ ಬರದೇನ್ರಿ."

ಲೈನ್‌ಮನ್ ತಲೆಯೆತ್ತಿ ಚಿಗುರನ್ನು ನೋಡಿದರು, ಅನಂತರ ನಕ್ಕರು. "ಬೋಳಾಗಿದ್ದೆಲ್ಲಾ ಒಣಗೇತಿ ಅಂದ್ರ, ನಮ್ಮ ಸಾಹೇಬ್ರ ತಲಿಗೂ ಮಷಿನ್ ಹಚ್ಚಬೇಕಾಕ್ಕೈತ್ರಿ ಮೇಡಮ್ಮಾರ."

ಮಷಿನ್ ಹಿಡಿದವರೂ ನಕ್ಕರು. ಅವ್ವ ನಗಲಿಲ್ಲ. ಕಾಗದದಲ್ಲಿ ಇದ್ದುದನ್ನು ಬಿಟ್ಟು ಬೇರೆ ಮಾಡಲು ತಮಗೆ ಬರುವುದಿಲ್ಲ, ಇನ್ನೊಂದು ಬರೆದುಕೊಡಿ ಎಂದು ಲೈನ್‌ಮನ್ ಹೇಳಿದರು. ನೋಟ್‌ಬುಕ್ಕಿನ ಹಾಳೆ ಹರಿದು, ಶೆಡ್ಡಿನ ತಗಡಿಗೆ ಒತ್ತಿಹಿಡಿದು, ಅವ್ವ ಹೇಳಿದಂತೆ ಬರೆದೆ. ಮೂರೇ ಸಾಲು. ಅದನ್ನು ಅವಳು ನನ್ನಿಂದ ಎರಡು ಸಲ ಓದಿಸಿದಳು; ಮೂರನೆಯ ಸಲ ಲೈನ್‌ಮನ್ ಕೈಗೆ ಕೊಟ್ಟು ಅವರಿಂದ ಓದಿಸಿದಳು. ಇಬ್ಬರ ಓದೂ ಒಂದೇ ಎಂದು ಖಾತ್ರಿಯಾದ ಮೇಲೆ ಸಹಿ ಮಾಡಿದಳು.

ತಂತಿಗೆ ತಾಗುವ ಟೊಂಗೆಯೊಂದನ್ನೇ ಕೊಯ್ದರು. ಚಿಗಿತ ಮೇಲೆ ಕೊಯ್ದದ್ದರಿಂದ ಗಾಯ ಜಿನುಗುತ್ತಿತ್ತು. ಅವ್ವ ಏಣಿ ಹತ್ತಿ ಸಗಣಿ, ಮಣ್ಣು ಕಲಸಿ ಮೆತ್ತಿದಳು. ನಾನು ಕೆಳಗೆ ಬಕೆಟ್ ಹಿಡಿದು ನಿಂತಿದ್ದೆ. ಅವಳು ನನ್ನನ್ನು ಬೈಯಲಿಲ್ಲ. ಅಂದು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ನಾನು ಅರ್ಜಿ ಬರೆಯಲು ಕುಳಿತರೆ ಅವ್ವ ಕೆಲಸ ಬಿಟ್ಟು ಎದುರಿಗೆ ಬಂದು ಕೂಡುತ್ತಾಳೆ. ಒಂದೊಂದು ಪದಕ್ಕೂ ಅರ್ಥ ಕೇಳುತ್ತಾಳೆ. ಅರ್ಧ ತಾಸಿನ ಅರ್ಜಿ ಎರಡು ತಾಸು ಹಿಡಿಯುತ್ತದೆ. ಕಳೆದ ವಾರ 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಓದುತ್ತಿದ್ದಾಗ ತಡೆದು, ಮೇಲೆ ಏನು ಕಾಣಿಸುತ್ತದೆ ಎಂದು ಕೇಳಿದಳು. ನಾನು ಆ ಸಾಲನ್ನು ಹೊಡೆದುಹಾಕಿದೆ.